ಮೂರನೇ ನಂಬರ್ ಇಂಜಿನ್ನಿನ ಸಪ್ಪಳ

೨೩ ಸೆಪ್ಟೆಂಬರ್ ೨೦೦೭, ಭಾನುವಾರ

ಕತಾರಿನ ರಾಸ್ ಲಫಾನ್ ಗ್ಯಾಸ್ ಪ್ಲಾಂಟ್‌ನಲ್ಲಿ ಇಂದಿಗೆ ನನ್ನ ಶಿಫ್ಟ್ ಮುಗಿಯಿತು. ಶಿಫ್ಟ್ ಆದ ಮೇಲೆ ನಾಲ್ಕು ಸಾಲು ಲಾಗ್ ಬರೆಯುವ ಚಟ ಮಾತ್ರ ಕೈ ಬಿಟ್ಟಿಲ್ಲ, ಅದಕ್ಕೇ ಈ ಡೈರಿ. ಓದುವವರು ಯಾರೂ ಇಲ್ಲ. ಹಾಗಾಗಿ ಯಾರನ್ನು ಬೇಕಾದರೂ ಬಯ್ಯಬಹುದು.

ಬೆಳಿಗ್ಗೆ ಆಫೀಸಿಗೆ ಕರೆದರು. ರಂಜಾನ್ ಆದ್ದರಿಂದ ಚಹಾ ಇಲ್ಲ, ಒಣ ಬಾಯಿಯಲ್ಲೇ ಸುದ್ದಿ ಹೇಳಿದರು. ಮಾರ್ಚ್‌ಗೆ ನನ್ನ ವೀಸಾ ಖಲಾಸ್. ಈ ಹಾಲಸಿದ್ದಪ್ಪನಿಗೆ ಅರವತ್ತಾಯಿತು, ಗೋಕಾಕಕ್ಕೆ ಹೋಗಿ ಹೆಂಡತಿಯ ಕೈರೊಟ್ಟಿ ತಿನ್ನಲಿ ಎಂದು ಕಂಪನಿ ತೀರ್ಮಾನಿಸಿದೆ. ಅಲ್ಲಿಯವರೆಗೆ ದುಖಾನ್ ಕಡೆಯ ಹಳೆಯ ತೈಲದ ಕ್ಯಾಂಪಿಗೆ ಹೋಗಬೇಕಂತೆ. ಆ ಕ್ಯಾಂಪು ಮುಚ್ಚಿ ಹದಿಮೂರು ವರ್ಷವಾಯಿತು. ಮುಚ್ಚುವವರೆಗೆ ನಾನು ಇದ್ದದ್ದು ಅಲ್ಲೇ. ಈಗ ಅದನ್ನು ಫ್ಯಾಮಿಲಿಗಳು ಶುಕ್ರವಾರ ಬಂದು ನೋಡುವ ಪಾರಂಪರಿಕ ಪಾರ್ಕ್ ಮಾಡುತ್ತಾರೆ. ಹಿಂದೆ ತೈಲ ಹೇಗೆ ತೆಗೆಯುತ್ತಿದ್ದರು ಎಂದು ಮಕ್ಕಳು ನೋಡಬೇಕು, ಆಮೇಲೆ ಐಸ್‌ಕ್ರೀಮ್ ತಿನ್ನಬೇಕು. ಪವರ್ ಹೌಸಿನ ಮೂರನೇ ನಂಬರ್ ಡೀಸೆಲ್ ಇಂಜಿನ್ನನ್ನು ಮತ್ತೆ ಓಡಿಸಿ ತೋರಿಸುವುದು ನನ್ನ ಕೆಲಸ.

ನಕ್ಕುಬಿಟ್ಟೆ. ಆ ಬಿಸಿಲಲ್ಲಿ ಬೇಯುವುದಕ್ಕೆ ನಮಗೆ ಸಂಬಳ ಕೊಡುತ್ತಿದ್ದರು, ಇನ್ನು ಮೇಲೆ ಜನ ತಾವೇ ಟಿಕೆಟ್ ತೆಗೆದುಕೊಂಡು ಬರುತ್ತಾರಂತೆ. ಬಾಕಿ ಎಲ್ಲ ಆರಾಮ.

೨೭ ಸೆಪ್ಟೆಂಬರ್, ಗುರುವಾರ

ಕ್ಯಾಂಪಿಗೆ ಹೋಗಿ ಬಂದೆ. ಸಾಹೇಬರ ಬಂಗಲೆಗಳ ಛಾವಣಿ ಕುಸಿದಿದೆ. ನಮ್ಮ ಖೋಲಿಗಳ ಸಾಲು ಮಾತ್ರ ಹಾಗೇ ನಿಂತಿದೆ.

ಪಾರ್ಕಿನ ಕೆಲಸ ನೋಡುವ ಹುಡುಗಿ ಐವಿ, ಮಂಗಳೂರಿನವಳು. ಪಟ್ಟಣದ ಅಲ್ ಸದ್ದ್ ಬಡಾವಣೆಯಲ್ಲಿ ಅವಳ ಡಿಸೈನ್ ಆಫೀಸಿದೆ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಾಳೆ, ಎಲ್ಲದರ ಫೋಟೋ ಹೊಡೆಯುತ್ತಾಳೆ.

"ಅಂಕಲ್, ಒಂದು ರೂಮಲ್ಲಿ ಎಷ್ಟು ಜನ ಇದ್ರಿ? ಕಷ್ಟ ಇತ್ತಾ?"

"ಮಂದಿ ಇದ್ವಿ ತಂಗಿ. ಕಷ್ಟ ಏನೂ ಇದ್ದಿಲ್ಲ. ಆರಾಮ ಇದ್ವಿ."

ಪವರ್ ಹೌಸಿನಲ್ಲಿ ಮೂರನೇ ನಂಬರಿನ ಮೇಲೆ ಬೆರಳುದ್ದ ಮರಳು ಕೂತಿತ್ತು. ಕೈಯಿಂದಲೇ ಒರೆಸಿದೆ. ಒಂದು ಮತ್ತು ಎರಡು ಯಾವಾಗಲೂ ಸಭ್ಯವಾಗಿ ಓಡುತ್ತಿದ್ದವು, ಅವು ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಈ ಮೂರನೆಯದು ಹುಟ್ಟಾ ಪೋಕರಿ. ಧುಕ್ ಧುಕ್ ಧುಕ್ ಎಂದು ಓಡಿ ನಡುವೆ ಒಂದು ಸಲ ಬಿಕ್ಕುತ್ತಿತ್ತು. ಸರಿಮಾಡಲು ಎಷ್ಟು ಸಲ ಬಿಚ್ಚಿದರೂ ಬಿಕ್ಕು ಹೋಗಲಿಲ್ಲ. ಕೊನೆಗೆ ನಮಗೇ ಅಭ್ಯಾಸವಾಗಿ, ಅದು ಬಿಕ್ಕದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಇದನ್ನು ಓಡಿಸಿಯೇ ಊರಿಗೆ ಹೋಗುತ್ತೇನೆ.

೧೩ ಅಕ್ಟೋಬರ್, ಶನಿವಾರ

ಈದ್. ಪೊಡಿಯಬ್ಬ ಊಟಕ್ಕೆ ಕರೆದಿದ್ದ. ಕ್ಯಾಂಪಿನ ಮೆಸ್ಸಿನಲ್ಲಿ ನಮಗೆಲ್ಲ ಅಡುಗೆ ಮಾಡಿ ಹಾಕಿದವನು, ನನ್ನ ಕೆಳಗಿನ ಮಂಚದವನು. ಊರು ಉಳ್ಳಾಲ. ಈಗ ಅಲ್ ಸದ್ದ್‌ನ ಕೆಫೆಟೇರಿಯಾ ಒಂದರಲ್ಲಿದ್ದಾನೆ. ಪಾರ್ಕಿನ ವಿಷಯ ಹೇಳಿದೆ.

"ಎಂತದು ಮಾರಾಯ! ನಮ್ಮ ರೂಮು ನೋಡ್ಲಿಕ್ಕೆ ಜನ ಬರ್ತಾರಾ? ನನ್ನ ಒಲೆ ಉಂಟಾ ಅಲ್ಲಿ?"

"ಒಲಿ ಐತಿ. ನೀ ಸುಟ್ಟ ಚಪಾತಿ ಇನ್ನಾ ಅದರ ಮ್ಯಾಲ ಐತಿ."

ಬಿರಿಯಾನಿ ತಿಂದು ಹಳೆಯ ಮಾತು ಶುರುವಾಯಿತು. ಶುಕ್ರವಾರ ಸ್ನಾನ ಮಾಡಿ ಎಲ್ಲರೂ ಮನೆಗೆ ಹೇಳುವ ಮಾತನ್ನು ಕ್ಯಾಸೆಟ್ಟಿಗೆ ತುಂಬುತ್ತಿದ್ದೆವು. ಪತ್ರ ಬರೆಯುವವರು ಕಡಿಮೆ. ಹೆಂಡತಿಯರಿಗೆ ಓದು ಬಾರದ ಮನೆಗಳೇ ಹೆಚ್ಚು, ನನ್ನ ಪಾರವ್ವನೂ ಓದಿದವಳಲ್ಲ. ಇಡೀ ಸಾಲಿಗೆ ಇದ್ದದ್ದು ರೇಡಿಯೋ, ಟೇಪು ಎರಡೂ ಇರುವ ಒಂದೇ ಟೂ-ಇನ್-ಒನ್. ಸರದಿ ಬಂದವನು ಮಂಚದ ಮೇಲೆ ಕೂತು ಗೋಡೆಗೆ ಮುಖ ಮಾಡಿ ಹೆಂಡತಿಯ ಜೊತೆ ಮಾತಾಡಬೇಕು, ಉಳಿದವರು ಕೇಳಿಸದ ಹಾಗೆ ನಟಿಸಬೇಕು. ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕೊಟ್ಟರೆ ಎರಡು ತಿಂಗಳಿಗೆ ಅಲ್ಲಿಂದ ಇನ್ನೊಂದು ಬರುತ್ತಿತ್ತು. ಒಂದರಲ್ಲಿ ಪಾರೂ ಕೇಳಿದ್ದಳು: "ನಿಮ್ಮ ಬಾಜೂಕ ಹಿಟ್ಟಿನ ಗಿರಣಿ ಐತೇನ್ರಿ? ಗಿರಣಿ ನಡು ನಡುವ ಬಿಕ್ಕಾಕತ್ತೈತಿ. ಪಟ್ಟಾ ಬಿಗಿ ಮಾಡ್ಕೊ ಅಂತ ಗಿರಣಿಯವಂಗ ಹೇಳ್ರಿ." ಖೋಲಿಯ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತಿಂಗಳುಗಟ್ಟಲೆ ನನ್ನನ್ನು ಗಿರಣಿ ಸಿದ್ದಪ್ಪ ಎಂದೇ ಕರೆದರು.

ಮಗ ಕಲ್ಮೇಶ ಮೊದಲ ಸಲ 'ಅಪ್ಪಾ' ಅಂದದ್ದನ್ನೂ ನಾನು ಕ್ಯಾಸೆಟ್ಟಿನಲ್ಲೇ ಕೇಳಿದ್ದು. ಆಗ ಅವನಿಗೆ ಹಲ್ಲು ಬಂದಿದ್ದವೋ ಇಲ್ಲವೋ, ಕೇಳುವುದನ್ನೇ ಮರೆತಿದ್ದೆ.

ಪೊಡಿಯಬ್ಬನ ಬಳಿ ಒಂದು ಕ್ಯಾಮೆರಾ ಇತ್ತು. ಊರಿಗೆ ಫೋಟೋ ಕಳಿಸಬೇಕೆಂದರೆ ಮಂಚಗಳನ್ನೆಲ್ಲ ವರಾಂಡಕ್ಕೆ ತಳ್ಳಿ, ಫೋರ್‌ಮನ್‌ನ ಸೋಫಾ ಹೊತ್ತು ತಂದು, ಪಕ್ಕದಲ್ಲಿ ಟೂ-ಇನ್-ಒನ್ ಇಟ್ಟು, ಎಲ್ಲರೂ ಸರದಿಯಂತೆ ಒಂದೇ ಕೋಟು ಹಾಕಿಕೊಂಡು ಕೂರುತ್ತಿದ್ದೆವು. ಕೋಟಿನ ತೋಳು ನನಗೆ ಗಿಡ್ಡ. ಅದಕ್ಕೇ ಎಲ್ಲ ಫೋಟೋದಲ್ಲೂ ನಾನು ಕೈ ಕಟ್ಟಿಕೊಂಡಿದ್ದೇನೆ.

ಬಹಳ ದಿನದ ಮೇಲೆ ಇಷ್ಟು ನಕ್ಕೆ. ಬಾಕಿ ಎಲ್ಲ ಆರಾಮ.

೪ ನವೆಂಬರ್, ಭಾನುವಾರ

ಮೂರನೇ ನಂಬರ್ ಪೂರ್ತಿ ಬಿಚ್ಚಿದೆವು. ಇಂಜಿನ್ನಿನ ಮೈ, ಬ್ಲಾಕೇ, ಸೀಳಿದೆ. ಮೇಲಿನಿಂದ ಕೆಳಗಿನವರೆಗೆ, ನೀರು ಬೀಳುವ ಗೋಡೆ ಬಿರುಕು ಬಿಡುವ ಹಾಗೆ. ಇಂಥದ್ದಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ, ಹೊಸ ಬ್ಲಾಕ್ ಯಾರೂ ಮಾಡುವುದಿಲ್ಲ. ಜೊತೆಗಿದ್ದ ಇಂಜಿನಿಯರ್ ಹುಡುಗ ಮೊದಲ ದಿನವೇ ಇದನ್ನು ಹೇಳಿದ್ದ. ನಾನೇ ಕೇಳದೆ ಐದು ವಾರ ಅವನ ಜೀವ ತಿಂದೆ.

ಐವಿ ಸಮಾಧಾನ ಮಾಡಿದಳು. "ಬೇಜಾರು ಮಾಡ್ಬೇಡಿ ಅಂಕಲ್. ಸ್ಪೀಕರ್ ಇಡುವ. ಡೀಸೆಲ್ ಇಂಜಿನ್ ಸೌಂಡ್ ಇಂಟರ್‌ನೆಟ್‌ನಲ್ಲಿ ಸಿಗ್ತದೆ. ನೋಡುವವರಿಗೆ ಗೊತ್ತಾಗುದಿಲ್ಲ."

೯ ನವೆಂಬರ್, ಶುಕ್ರವಾರ

ಊಟ ಸೇರುತ್ತಿಲ್ಲ. ಒಂದು ಕಬ್ಬಿಣದ ತುಂಡಿಗೆ ಇಷ್ಟು ಸಂಕಟಪಡುವ ವಯಸ್ಸೇ ನನ್ನದು?

ಆ ಬಿಕ್ಕಿನ ಸಪ್ಪಳ ಇನ್ನು ಯಾರೂ ಕೇಳುವಂತಿಲ್ಲ. ನಾನೂ ಪೊಡಿಯಬ್ಬನೂ ಸತ್ತರೆ ಅದೂ ಹೋಯಿತು.

೨೯ ನವೆಂಬರ್, ಗುರುವಾರ

ಐವಿ ಹೊಸ ಕೆಲಸ ಕೊಟ್ಟಳು. ಖೋಲಿಗಳ ಸಾಲಿನಲ್ಲಿ ನಮ್ಮದನ್ನೇ ಆರಿಸಿ, "ನೀವು ಹೇಗೆ ಇದ್ರೋ ಹಾಗೇ ಮಾಡಿಕೊಡಿ, ಅಂಕಲ್. ನಾನು ಕೈ ಹಾಕುದಿಲ್ಲ," ಎಂದಳು. ಇಂಜಿನ್ ಹೋದರೂ ಖೋಲಿಯಾದರೂ ಉಳಿಯುತ್ತದಲ್ಲ. ನಾವು ಇಲ್ಲಿದ್ದೆವು ಎಂಬುದಕ್ಕೆ ಇಡೀ ಪಾರ್ಕಿನಲ್ಲಿ ಈ ಒಂದು ಖೋಲಿಯೇ ಸಾಕ್ಷಿ. ಪೊಡಿಯಬ್ಬ ರಜೆ ಹಾಕಿ ಬಂದ. ಮೂರು ದಿನ ದುಡಿದೆವು.

ಹಳೆಯ ಸಾಮಾನಿನ ಸಂತೆಯಲ್ಲಿ ಥೇಟ್ ಅಂಥದೇ ಸೋಫಾ ಸಿಕ್ಕಿತು. ಟೂ-ಇನ್-ಒನ್ ಸಿಕ್ಕಿತು, ಹಾಡುತ್ತದೆ ಕೂಡ. ಹುಲಿಯ ಚಿತ್ರದ ಕಂಬಳಿ, ಪ್ಲಾಸ್ಟಿಕ್ ಗುಲಾಬಿ, ಟ್ಯಾಂಗ್ ಬಾಟಲಿ, ಗೋಡೆಗೆ ಗಡಿಯಾರ. ಮೂಲೆಯಲ್ಲಿ ಒಂದೇ ಮಂಚ, ಅದಕ್ಕೆ ಬಿಳಿ ಚಾದರ. ತುಕ್ಕು ಹಿಡಿದ ಎರಡಂತಸ್ತಿನ ಮಂಚಗಳನ್ನು ವರಾಂಡಕ್ಕೆ ತಳ್ಳಿದೆವು. ಆಳುಗಳು ಪವರ್ ಹೌಸಿನ ಹಿಂದೆ ಒಯ್ದು ಹಾಕಿದರು. ಪೊಡಿಯಬ್ಬ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ, "ಗುಲಾಬಿ ಸ್ವಲ್ಪ ಬಲಕ್ಕೆ," ಎಂದ. ಸರಿಸಿದೆ.

ಕಣ್ಣು ತುಂಬಿ ಬಂತು. ಥೇಟ್ ನಮ್ಮ ಖೋಲಿ. ಬಾಕಿ ಎಲ್ಲ ಆರಾಮ.

೧೮ ಡಿಸೆಂಬರ್, ಮಂಗಳವಾರ

ಪಾರ್ಕಿನ ಮುಖ್ಯಸ್ಥ ಅಬ್ದುಲ್ಲಾ ಬಂದಿದ್ದರು, ಕತಾರಿನವರೇ. ಅವರ ತಂದೆ ಕ್ಯಾಂಪಿನಲ್ಲಿ ನೀರಿನ ಲಾರಿ ಓಡಿಸುತ್ತಿದ್ದರು. ಲಾರಿಯಲ್ಲಿ ಕೂತು ಬರುತ್ತಿದ್ದ ಹುಡುಗನಿಗೆ ಪೊಡಿಯಬ್ಬ ಚಪಾತಿಗೆ ಜಾಮ್ ಸವರಿ ಕೊಡುತ್ತಿದ್ದ. ಆ ಹುಡುಗನೇ ಇವರು. ಖೋಲಿ ನೋಡಿ, "ಚೆನ್ನಾಗಿದೆ," ಎಂದು ಹಿಂದಿಯಲ್ಲಿ ಹೇಳಿದರು. ಇನ್ನೇನೋ ಹೇಳುವವರಿದ್ದರು, ಹೇಳಲಿಲ್ಲ.

ಹೊರಡುವಾಗ ಕೇಳಿದರು: "ನಿನ್ನ ಹೆಂಡತಿ ಒಮ್ಮೆಯೂ ಕತಾರ್ ನೋಡಿಲ್ಲವೇ?" ಇಲ್ಲ ಎಂದೆ. ನನ್ನಂಥ ಫಿಟ್ಟರ್‌ಗೆ ಫ್ಯಾಮಿಲಿ ವೀಸಾ ಎಲ್ಲಿಂದ ಬರಬೇಕು, ಸಂಸಾರ ಜೊತೆಗಿಲ್ಲದ ನಾನು ಇಲ್ಲಿಯ ಲೆಕ್ಕದಲ್ಲಿ ಬ್ಯಾಚುಲರ್. "ಪಾಸ್‌ಪೋರ್ಟ್ ಮಾಡಿಸು. ವಿಸಿಟ್ ವೀಸಾ ನಾನು ನೋಡಿಕೊಳ್ಳುತ್ತೇನೆ," ಎಂದರು.

ಪಾರೂಗೆ ಫೋನ್ ಮಾಡಿದೆ. ಮೊದಲು ನಂಬಲಿಲ್ಲ. ಆಮೇಲೆ, "ಅಲ್ಲಿ ಥಂಡಿ ಐತೇನ್ರಿ? ಸ್ವೆಟರ್ ತರ್ಲೇನು?" ಎಂದಳು.

೩೧ ಜನವರಿ ೨೦೦೮, ಗುರುವಾರ

ಪಾರವ್ವ ಬಂದಳು. ಇಳಕಲ್ ಸೀರೆಯ ಮೇಲೆ ಕಲ್ಮೇಶನ ಸ್ವೆಟರ್. ವಿಮಾನ ನಿಲ್ದಾಣದಲ್ಲಿ ನನ್ನನ್ನು ನೋಡಿ ಅಳಲಿಲ್ಲ, ನಗಲಿಲ್ಲ. "ಬಾಳ ಸೊರಗೀರಿ," ಎಂದಳು. ಊರಿಗೆ ಹೋದಾಗಲೆಲ್ಲ ಇದೇ ಮೊದಲ ಮಾತು.

ಐನ್ ಖಾಲಿದ್‌ನಲ್ಲಿ ಒಂದು ವಿಲ್ಲಾದ ಹಿಂದಿನ ಖೋಲಿ ಹಿಡಿದಿದ್ದೇನೆ. ಚೀಲ ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗೋಕಾಕದ ಕರದಂಟು. ಅಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ತುಂಬ ಕ್ಯಾಸೆಟ್ಟುಗಳು. ನಾನು ಕಳಿಸಿದ್ದವೇ.

"ಇವನ್ನ ಯಾಕ ಹೊತ್ಕೊಂಡ ಬಂದಿ?"

"ಮನ್ಯಾಗಿನ ಟೇಪ್ ಕೆಟ್ಟು ಆರು ವರ್ಷ ಆತು. ನಮ್ಮೂರಾಗ ಯಾರೂ ರಿಪೇರಿ ಮಾಡವಲ್ಲರು. ಇಲ್ಲಿ ಎಲ್ಲಾ ಸಿಗ್ತೈತಿ ಅಂತೀರಲ್ಲ."

ನಾನು ಪಕ್ಕದಲ್ಲೇ ಕೂತಿದ್ದೇನೆ, ಇವಳಿಗೆ ಇನ್ನೂ ಕ್ಯಾಸೆಟ್ಟೇ ಬೇಕು. ಪಾರ್ಕ್ ಶುರುವಾಗುವ ದಿನ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನಾನು ಇದ್ದ ಜಾಗವನ್ನು ಇವಳು ಕಣ್ಣಾರೆ ನೋಡಲಿ ಎಂಬುದೊಂದೇ ಆಸೆ. ಬಾಕಿ ಎಲ್ಲ ಆರಾಮ.

೧೫ ಫೆಬ್ರವರಿ, ಶುಕ್ರವಾರ

ಪಾರ್ಕ್ ಇವತ್ತು ತೆರೆಯಿತು. ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಗೇಟಿನಲ್ಲೇ ಶುರು. ಶುಕ್ರವಾರ ಫ್ಯಾಮಿಲಿಗಳಿಗೆ ಮಾತ್ರ. ನೇಪಾಳಿ ವಾಚ್‌ಮನ್ ನಮ್ಮಿಬ್ಬರನ್ನು ಬಿಟ್ಟ, ಪೊಡಿಯಬ್ಬನನ್ನು ತಡೆದ. "ಬ್ಯಾಚುಲರ್ ಮಾಫಿ. ಸಿರ್ಫ್ ಫ್ಯಾಮಿಲಿ, ಚಾಚಾ." ಇಲ್ಲಿ ಮಾಫಿ ಅಂದರೆ 'ಇಲ್ಲ'. ಇಸ್ತ್ರಿ ಹಾಕಿದ ಅಂಗಿ, ತಲೆಗೆ ಹೊಸ ಟೊಪ್ಪಿ, ಕೈಯಲ್ಲಿ ಹಲ್ವದ ಡಬ್ಬಿ ಹಿಡಿದು ಅವನು ಹೊರಗೇ ನಿಂತ. ಆ ಗೇಟಿನೊಳಗೆ ಎಷ್ಟು ಸಾವಿರ ಚಪಾತಿ ಬೇಯಿಸಿದವನು! ನನಗೂ ಒಳಗೆ ಪ್ರವೇಶ ಸಿಕ್ಕಿದ್ದು ಹೆಂಡತಿಯ ಪುಣ್ಯದಿಂದ.

"ಹೋಗು ಮಾರಾಯ, ನಾನು ಇಲ್ಲೇ ಕೂತ್ಕೊಳ್ತೇನೆ," ಎಂದ.

ಪಾರೂ ಹಿಂದಕ್ಕೆ ಹೋಗಿ ಅವನ ಕೈಯಿಂದ ಹಲ್ವದ ಡಬ್ಬಿ ತೆಗೆದುಕೊಂಡಳು. "ಇವ್ರು ನಮ್ಮ ಅಣ್ಣಾರು. ಬಿಡೋ ತಮ್ಮಾ," ಎಂದಳು. ಹಣೆ ತುಂಬ ಕುಂಕುಮದ ತಂಗಿ, ಬಿಳಿ ಗಡ್ಡದ ಸಾಬರ ಅಣ್ಣ. ವಾಚ್‌ಮನ್ ಇಬ್ಬರನ್ನೂ ನೋಡಿ ತಲೆ ಕೆರೆದುಕೊಂಡ. ಕನ್ನಡ ತಿಳಿಯಲಿಲ್ಲ, ದನಿ ತಿಳಿಯಿತು. ಬಿಟ್ಟ.

ಖೋಲಿಯ ಮುಂದೆ ಭಾರೀ ಜನ. ಸೋಫಾದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸ್ಪೀಕರ್‌ನಲ್ಲಿ ಇಂಜಿನ್ ಓಡುತ್ತಿತ್ತು. ನಾನು ಎದೆಯುಬ್ಬಿಸಿ, "ನೋಡ, ಇದಽ ನಮ್ಮ ಖೋಲಿ," ಎಂದೆ. ಪಾರೂ ಗುಲಾಬಿ ಮುಟ್ಟಿದಳು, ಕಂಬಳಿ ಸವರಿದಳು, ಸುತ್ತ ನೋಡಿದಳು.

"ಇದು ಫೋಟೋದಾಗಿನ ಖೋಲಿ. ನೀವು ಇದ್ದ ಖೋಲಿ ಯಾವುದ್ರಿ?"

"ಇದಽ ಅಂದೆನಲ್ಲ."

"ಇದಲ್ಲ. ಕ್ಯಾಸೆಟ್ಟಿನಾಗ ನಿಮ್ಮ ಹಿಂದ ಏಳೆಂಟು ಮಂದಿ ಕೆಮ್ಮೂದು ಕೇಳ್ತಿತ್ತು. ಯಾರೋ ಹೊಳ್ಳಿ ಮಲಗಿದ್ರ ಮಂಚ ಕಿರ್ ಅಂತಿತ್ತು. ಒಬ್ಬಾಂವ ಯಾವಾಗಲೂ ಅಳ್ತಿದ್ದ. ಅವರೆಲ್ಲಾ ಎಲ್ಲಿ ಮಲಗ್ತಿದ್ರು? ಈ ಸೋಫಾದ ಮ್ಯಾಲೇನು?" ಆಮೇಲೆ ಸ್ಪೀಕರ್ ಕಡೆ ಕೈ ಮಾಡಿದಳು. "ಮತ್ತ ಈ ಗಿರಣಿ ಬಿಕ್ಕವಲ್ದು."

ಸಿಟ್ಟು ಬಂತು. ಸಾವಿರ ಮೈಲಿ ಹಾರಿ ಬಂದು ಹೀಗೆ ಹೇಳುವುದೇ?

೧೬ ಫೆಬ್ರವರಿ, ಶನಿವಾರ

ಪೊಡಿಯಬ್ಬನಿಗೆ ಫೋನ್ ಮಾಡಿ ಪಾರೂ ಹೇಳಿದ್ದನ್ನು ಹೇಳಿದೆ.

"ಹೌದಲ್ವಾ ಮಾರಾಯ," ಎಂದ. "ಫೋಟೋ ತೆಗೆದಾದ ಮೇಲೆ ಮಂಚ ವಾಪಸ್ ಒಳಗೆ ಹಾಕ್ತಿದ್ವಿ. ಈ ಸಲ ವರಾಂಡದಲ್ಲೇ ಬಿಟ್ಟುಬಿಟ್ವಿ."

ದಿನಾ ಅಳುತ್ತಿದ್ದವನು ಅಪ್ಪಯ್ಯ, ಕುಂದಾಪುರದ ಹುಡುಗ. ಅವನ ನೆನಪೇ ಹೋಗಿತ್ತು ನನಗೆ. ಅವನ ಅಳುವನ್ನು ಗೋಕಾಕದಲ್ಲಿ ನನ್ನ ಹೆಂಡತಿ ಕೇಳುತ್ತಿದ್ದಳು.

೨೧ ಫೆಬ್ರವರಿ, ಗುರುವಾರ

ಪಾರೂ, ಪೊಡಿಯಬ್ಬ ಇಬ್ಬರನ್ನೂ ಕರೆದುಕೊಂಡು ಖೋಲಿಗೆ ಹೋಗಿ ಐವಿಗೆ ಹೇಳಿದೆ. ಮಂಚಗಳನ್ನು ಮತ್ತೆ ಒಳಗೆ ಹಾಕಬೇಕು, ಎಂಟೂ ಜನರದ್ದು. ಅವಳ ಮುಖ ಸಪ್ಪಗಾಯಿತು.

"ಅಂಕಲ್, ಫ್ಯಾಮಿಲಿಗಳಿಗೆ ಆ ರೂಮೇ ಹೆಚ್ಚು ಇಷ್ಟ. ಈಗ ತೆಗಿತೇನೆ ಅಂದ್ರೆ ಅಬ್ದುಲ್ಲಾ ಸರ್ ಒಪ್ಪುದಿಲ್ಲ. ಸುಮ್ನೆ ಯಾಕೆ?"

ಅಬ್ದುಲ್ಲಾ ಬಂದರು. ನಾನು ಹೇಳಬೇಕಾದದ್ದು ನನ್ನ ಹಿಂದಿಯಲ್ಲಿ ಹೇಳಲಾಗಲಿಲ್ಲ. ಪಾರೂ ಬಿಸ್ಕತ್ತಿನ ಡಬ್ಬಿಯಿಂದ ಒಂದು ಕ್ಯಾಸೆಟ್ ತೆಗೆದು ಆ ಟೂ-ಇನ್-ಒನ್‌ಗೆ ತಾನೇ ಹಾಕಿದಳು.

ಕರಕರ ಎಂದಿತು. ಆಮೇಲೆ, ಧುಕ್ ಧುಕ್ ಧುಕ್, ಬಿಕ್ಕು. ಧುಕ್ ಧುಕ್ ಧುಕ್, ಬಿಕ್ಕು. ಮೂರನೇ ನಂಬರ್! ಪೊಡಿಯಬ್ಬ "ಯಾ ಅಲ್ಲಾ" ಎಂದು ಗೋಡೆ ಹಿಡಿದುಕೊಂಡ. ಅದರ ಮೇಲೆ ಯಾರದೋ ಕೆಮ್ಮು, ಮಂಚದ ಕಿರಕಿರ, ದೂರದಲ್ಲಿ ಬಾತ್‌ರೂಮಿಗಾಗಿ ಜಗಳ. ಎಲ್ಲದರ ಮುಂದೆ ಒಬ್ಬ ಎಳೆ ದನಿಯವನು: "ಪಾರೂ, ನಾ ಇಲ್ಲಿ ಆರಾಮ ಅದೀನಿ. ಖೋಲಿ ದೊಡ್ಡದೈತಿ. ನೀ ಏನೂ ಕಾಳಜಿ ಮಾಡಬ್ಯಾಡ." ಅದು ನಾನು. ಬ್ಲಾಕ್ ಸೀಳಿ ಸತ್ತ ಇಂಜಿನ್ ನನ್ನ ಹೆಂಡತಿಯ ಡಬ್ಬಿಯಲ್ಲಿ ಓಡುತ್ತಲೇ ಇತ್ತು.

ಅಬ್ದುಲ್ಲಾ ಕಣ್ಣು ಮುಚ್ಚಿ ಕೇಳಿದರು. "ನಾನು ಚಿಕ್ಕವನಿದ್ದಾಗ ಈ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀವೇ ಹೀಗೆ ಮಾಡಿದ್ದೀರಲ್ಲ ಎಂದು ಅವತ್ತು ಸುಮ್ಮನಾದೆ," ಎಂದರು. ಆಮೇಲೆ ಐವಿಯ ಕಡೆ ತಿರುಗಿ, "ಯಲ್ಲಾ, ಮಂಚ ತರಿಸಿ. ಆ ಸ್ಪೀಕರ್‌ಗೂ ಇದೇ ಹಾಕಿ."

ನನಗೆ ನಾಚಿಕೆಯಾಯಿತು. "ಗಂಡಾ ಹೆಂಡತಿ ಮಾತು ಊರ ಮಂದಿಯೆಲ್ಲಾ ಕೇಳಬೇಕೇನು?" ಎಂದೆ ಪಾರೂಗೆ.

"ಆ ಏಳು ಮಂದಿ ಆವಾಗಽ ಕೇಳ್ಯಾರಲ್ಲ. ಇನ್ನೊಂದು ನಾಕು ಮಂದಿ ಕೇಳ್ಲಿ ಬಿಡ್ರಿ."

ಐವಿ ಬೋರ್ಡಿಗೆ ಬರೆಯಲು ಕೇಳಿದಳು, ಆ ದನಿ ಏನು ಹೇಳುತ್ತದೆ ಎಂದು. ಕನ್ನಡ ಬರುವವಳೇ, ಆದರೂ ನನ್ನ ಬಾಯಿಂದ ಕೇಳಬೇಕಿತ್ತೋ ಏನೋ. ಆರಾಮ ಇದ್ದೇನೆ ಅನ್ನುತ್ತದೆ, ಎಂದೆ. ಹಾಗೇ ಬರೆದುಕೊಂಡಳು.

೨೯ ಫೆಬ್ರವರಿ, ಶುಕ್ರವಾರ

ಇನ್ನು ಎಂಟು ದಿನಕ್ಕೆ ನಮ್ಮ ವಿಮಾನ. ಕೊನೆಯ ಸಲ ಮೂವರೂ ಹೋದೆವು. ವಾಚ್‌ಮನ್ ಪೊಡಿಯಬ್ಬನನ್ನು ನೋಡಿ ನಕ್ಕು ತಾನೇ ಗೇಟು ಸರಿಸಿದ.

ಖೋಲಿಯಲ್ಲಿ ನಾಲ್ಕು ಎರಡಂತಸ್ತಿನ ಮಂಚಗಳು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟೇ ಜಾಗ. ಒಳಗೆ ಬಂದ ಮಕ್ಕಳು ಗಲಾಟೆ ನಿಲ್ಲಿಸಿ ಮೇಲೆ ಕೆಳಗೆ ನೋಡುತ್ತಿದ್ದರು. ಸೋಫಾವನ್ನು ವರಾಂಡದಲ್ಲಿಟ್ಟಿದ್ದಾರೆ, ಫೋಟೋ ತೆಗೆಸಿಕೊಳ್ಳುವವರಿಗೆ.

"ನಿಮ್ಮ ಮಂಚ ಯಾವುದ್ರಿ?" ಎಂದಳು ಪಾರೂ. ಬಾಗಿಲ ಪಕ್ಕದ ಮೇಲಿನದನ್ನು ತೋರಿಸಿದೆ. ಬ್ಯಾಡ ಬ್ಯಾಡ ಎನ್ನುವಷ್ಟರಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಏಣಿ ಹತ್ತಿಯೇಬಿಟ್ಟಳು. ಮಂಚ ಕಿರ್ ಎಂದಿತು. ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಕೆಳಗಿನ ಮಂಚದಲ್ಲಿ, ತನ್ನ ಜಾಗದಲ್ಲಿ, ಪೊಡಿಯಬ್ಬ ಕೂತ. ಮೂರನೇ ನಂಬರ್ ಬಿಕ್ಕುತ್ತಾ ಓಡುತ್ತಿತ್ತು, ನಾನು ಆರಾಮ ಇದ್ದೇನೆ ಎಂದು ಆ ಹುಡುಗ ಹೇಳುತ್ತಲೇ ಇದ್ದ.

"ಇಳೀತಿಯೇನು? ಮಂದಿ ನೋಡಾಕತ್ತಾರ," ಎಂದೆ.

"ಈ ಕ್ಯಾಸೆಟ್ಟಿನ ಮಾತು ಒಬ್ಬಾಕೀನ ಬಾಳ ಕೇಳೀನ್ರಿ," ಎಂದಳು, ಕಣ್ಣು ತೆರೆಯದೆ. ಊರಿನ ಮನೆಯಲ್ಲಿ ಮಾಡುವ ಹಾಗೆಯೇ ಗೋಡೆಯ ಕಡೆಗೆ ಸರಿದು, ಪಕ್ಕದಲ್ಲಿ ನನಗೆ ಜಾಗ ಬಿಟ್ಟಳು.